ಕೆಟ್ಟ ಗಾಳಿಯ ಜಮಾ-ಖರ್ಚು: ಭಾರತ ಮತ್ತು ಚೀನ

ಗಾಳಿಗೆ ಬೆಲೆ ಕಟ್ಟುವವರಾರು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನೀರಿಗೂ ಬೆಲೆಯಿಲ್ಲವೆಂಬ ಮಾತು ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಈಗ ಅದು ಬಾಟಲಿಯಲ್ಲಿ ತುಂಬಿ ಅಂಗಡಿಯ ಕಟ್ಟೆಯ ಮೇಲೆ ಮಾರಾಟಕ್ಕೆ ಕುಳಿತಿದೆ. ಗಾಳಿಯ ಸ್ಥಿತಿ ಇನ್ನೂ ಅಲ್ಲಿಗೆ ಬಂದಿಲ್ಲ. ಶುದ್ಧವಾದ ಗಾಳಿಗೆ ಇಂದಿಗೂ ಯಾರೂ ಹಣ ಕೇಳುವುದಿಲ್ಲ. ಆದರೆ ಕೆಟ್ಟ ಗಾಳಿಗೆ ಮಾತ್ರ ಬೆಲೆಯುಂಟು. ಅದನ್ನು ಪ್ರತಿಯೊಂದು ಮನೆಯೂ ಔಷಧದ ಅಂಗಡಿಯಲ್ಲಿಯೋ, ತಪ್ಪಿಹೋದ ಕೂಲಿಯ ರೂಪದಲ್ಲಿಯೋ, ಕಡಿಮೆಯಾದ ಬೆಳೆಯ ರೂಪದಲ್ಲಿಯೋ ತನಗರಿವಿಲ್ಲದಂತೆಯೇ ತೆರುತ್ತ ಬಂದಿದೆ. ಈ ತೆರಿಗೆಗೆ ರಸೀದಿಯಿಲ್ಲವಾದ್ದರಿಂದ ಅದರ ಮೊತ್ತವೆಷ್ಟೆಂಬುದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಕಳೆದ ಮೂವತ್ತು ವರ್ಷಗಳಿಂದೀಚೆಗೆ ಅರ್ಥಶಾಸ್ತ್ರಜ್ಞರೂ ವೈದ್ಯವಿಜ್ಞಾನಿಗಳೂ ಕೂಡಿ ಈ ಲೆಕ್ಕವನ್ನು ಹಾಕುತ್ತಿದ್ದಾರೆ. ಅವರು ತೆಗೆದ ಲೆಕ್ಕಗಳಲ್ಲಿ ಭಾರತ, ಚೀನ ಎಂಬ ಎರಡು ನೆರೆದೇಶಗಳ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನಮ್ಮ ಈ ಲೇಖನದ ಉದ್ದೇಶ.

ಈ ಎರಡು ದೇಶಗಳನ್ನೇ ಏಕೆ ಆರಿಸಿಕೊಳ್ಳಬೇಕೆಂದು ವಾಚಕರು ಕೇಳಬಹುದು. ವಿಶ್ವಬ್ಯಾಂಕು ೨೦೧೬ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೧೩ರಲ್ಲಿ ಜಗತ್ತಿನಾದ್ಯಂತ ಸುಮಾರು ೫೫ ಲಕ್ಷ ಜನ ವಾಯುಮಾಲಿನ್ಯದ ನಿಮಿತ್ತವಾಗಿ ಅಕಾಲದಲ್ಲಿ ಮರಣ ಹೊಂದಿದರು. ಅವರಲ್ಲಿ ಸುಮಾರು ೧೬ ಲಕ್ಷ ಜನ ಚೀನದವರು, ೧೪ ಲಕ್ಷ ಜನ ಭಾರತದವರು. ಅಂದರೆ ಜಗತ್ತಿನ ಈ ದುಃಖದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ಎರಡೇ ದೇಶಗಳದು. ಎರಡಕ್ಕೂ ಜನಸಂಖ್ಯೆ ಸರಿಸುಮಾರು ಸಮ. ಎರಡೂ ಕಲ್ಲಿದ್ದಲನ್ನು ನಂಬಿ ಬೆಳೆದ ದೇಶಗಳು. ಎರಡರಲ್ಲಿಯೂ ಹಳ್ಳಿಗಳಿಂದ ಪಟ್ಟಣಗಳಿಗೆ ಜನ ಹರಿದುಬಂದದ್ದು ನಮ್ಮ ಕಣ್ಣೆದುರಿನ ಸಂಗತಿ. ಇಷ್ಟಾದರೂ ಇವುಗಳ ಗಾಳಿ ಕೆಟ್ಟ ಬಗೆ ಬೇರೆ, ತೆತ್ತ ಬೆಲೆ ಬೇರೆ, ಮಾಡಿಕೊಂಡ ಉಪಾಯವೂ ಬೇರೆ.

ಮೊದಲಿಗೆ ಈ ಲೆಕ್ಕದ ಖಾತೆಗಳಾವುವು ಎಂಬುದನ್ನು ತಿಳಿಯಬೇಕು. ಒಂದು ಸಾಮಾನ್ಯ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಮನೆಯ ಹಿರಿಯರಿಗೆ ದಮ್ಮು. ವೈದ್ಯರ ಶುಲ್ಕ, ಔಷಧ, ಆಸ್ಪತ್ರೆಯ ಖರ್ಚು ಮೊದಲನೆಯ ಖಾತೆ. ಅವರನ್ನು ಆಸ್ಪತ್ರೆಗೆ ಕರೆದೊಯ್ದ ಮಗ ಆ ದಿನದ ದುಡಿಮೆಯನ್ನು ಕಳೆದುಕೊಳ್ಳುತ್ತಾನೆ; ಅದು ಎರಡನೆಯದು. ಹಿರಿಯರು ಬದುಕಬೇಕಾದ ಕಾಲಕ್ಕಿಂತ ಐದಾರು ವರ್ಷ ಮುಂಚೆಯೇ ತೀರಿಕೊಂಡರೆ ಅದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಇವಲ್ಲದೆ ಹೊಲದಲ್ಲಿ ಕಡಿಮೆಯಾದ ಇಳುವರಿ, ಮಂಜು-ಹೊಗೆ ಕವಿದು ನಿಂತುಹೋದ ವಿಮಾನ ಮತ್ತು ರೈಲು, ಧೂಳು ಕೂತು ಮಸುಕಾದ ಸೌರಫಲಕ ಮುಂತಾದ ಚಿಲ್ಲರೆ ಖಾತೆಗಳು ಹಲವಾರು. ಸೌರಫಲಕದ ವಿಷಯವನ್ನು ಚಿಲ್ಲರೆ ಎಂದೆವಾದರೂ ಅದು ಅಷ್ಟು ಚಿಲ್ಲರೆಯಲ್ಲ. ಗುಜರಾತಿನ ಗಾಂಧಿನಗರದಲ್ಲಿ ಕೆಲವು ವಾರಗಳ ಕಾಲ ಒರೆಸದೆ ಬಿಟ್ಟ ಫಲಕಗಳನ್ನು ಶುಚಿಗೊಳಿಸಿದಾಗ ವಿದ್ಯುತ್ತಿನ ಉತ್ಪತ್ತಿ ಒಮ್ಮೆಲೇ ಶೇಕಡಾ ೫೦ರಷ್ಟು ಏರಿತೆಂದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಔಷಧದ ಖರ್ಚನ್ನೂ ಕೂಲಿಯನ್ನೂ ಕೂಡಿಸುವುದು ಸುಲಭ. ಕಠಿಣವಾದದ್ದು ಮೂರನೆಯ ಖಾತೆ. ಮನುಷ್ಯನ ಪ್ರಾಣಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟುವುದೆಂತು? ಹಾಗೆ ಕಟ್ಟುವುದೇ ಪಾಪವಲ್ಲವೇ ಎಂದು ನಮ್ಮ ಓದುಗರಲ್ಲಿ ಅನೇಕರಿಗೆ ಅನ್ನಿಸೀತು. ನಮಗೂ ಈ ವಿಷಯವನ್ನು ಓದಲಾರಂಭಿಸಿದಾಗ ಮನಸ್ಸು ಹಿಂಜರಿದದ್ದುಂಟು. ಆದರೆ ಬೆಲೆ ಕಟ್ಟದೆ ಬಿಟ್ಟರೆ ಸರ್ಕಾರದ ಲೆಕ್ಕಪತ್ರದಲ್ಲಿ ಆ ಪ್ರಾಣದ ಎದುರಿಗೆ ಸೊನ್ನೆಯೇ ಬೀಳುತ್ತದೆ. ಕಾರ್ಖಾನೆಯ ಲಾಭ ಮಾತ್ರ ಒಂದು ಬದಿಯಲ್ಲಿ ತೂಗುತ್ತದೆ. ಈ ಕಾರಣದಿಂದ ಅರ್ಥಶಾಸ್ತ್ರಜ್ಞರು ಎರಡು ಮಾರ್ಗಗಳನ್ನು ಹಿಡಿದಿದ್ದಾರೆ.

ಮೊದಲನೆಯ ಮಾರ್ಗದಲ್ಲಿ, ತೀರಿಕೊಂಡ ವ್ಯಕ್ತಿ ಬದುಕಿದ್ದರೆ ಇನ್ನೆಷ್ಟು ಸಂಪಾದಿಸುತ್ತಿದ್ದನೆಂದು ಎಣಿಸುತ್ತಾರೆ. ಮೂವತ್ತರ ಹರೆಯದ ದುಡಿಯುವ ಮಗ ಹೋದರೆ ನಷ್ಟ ದೊಡ್ಡದು. ಎಪ್ಪತ್ತರ ಅಜ್ಜ ಹೋದರೆ ನಷ್ಟ ಬಹು ಸ್ವಲ್ಪ. ಈ ಮಾರ್ಗವನ್ನು ಕಟ್ಟುನಿಟ್ಟಾಗಿ ಅನುಸರಿಸಿದರೆ ಜೀವನವಿಡೀ ಒಲೆಯ ಮುಂದೆ ಕುಳಿತು ಹತ್ತು ಜನರಿಗೆ ಅನ್ನ ಹಾಕಿದ ತಾಯಿಯ ಬೆಲೆ ಸೊನ್ನೆಯಾಗುತ್ತದೆ, ಏಕೆಂದರೆ ಆಕೆಗೆ ಸಂಬಳವಿರಲಿಲ್ಲ. ಕೆಲವರು ಮನೆಗೆಲಸಕ್ಕೂ ಮೌಲ್ಯ ಕಟ್ಟಿ ಸೇರಿಸುವುದುಂಟು. ಚೀನದ ವಿದ್ವಾಂಸರು ಈ ದೋಷವನ್ನು ಇನ್ನೊಂದು ಬಗೆಯಿಂದ ತಿದ್ದಿಕೊಂಡರು: ಹಳ್ಳಿಯವನಿರಲಿ ಪಟ್ಟಣದವನಿರಲಿ, ಮುದುಕನಿರಲಿ ತರುಣನಿರಲಿ, ಕಳೆದುಹೋದ ಪ್ರತಿಯೊಂದು ವರ್ಷಕ್ಕೂ ದೇಶದ ತಲಾ ಉತ್ಪನ್ನವನ್ನೇ ಬೆಲೆಯೆಂದು ಹಿಡಿದರು. ಇದು ನಮಗೆ ಮೆಚ್ಚಿಗೆಯಾದ ಕ್ರಮ.

ಎರಡನೆಯ ಮಾರ್ಗ ಸ್ವಲ್ಪ ಸೂಕ್ಷ್ಮವಾದದ್ದು. ಒಂದು ಊರಿನಲ್ಲಿ ಒಂದು ಲಕ್ಷ ಜನರಿದ್ದಾರೆ. ಏನೋ ಒಂದು ಅಪಾಯದಿಂದ ವರ್ಷಕ್ಕೆ ಅವರಲ್ಲಿ ಒಬ್ಬರು ಸಾಯುತ್ತಾರೆ. ಅದು ಯಾರೆಂಬುದು ಮುಂಚಿತವಾಗಿ ತಿಳಿಯದು. ಆ ಅಪಾಯವನ್ನು ಇಲ್ಲವಾಗಿಸಲು ಪ್ರತಿಯೊಬ್ಬರೂ ನೂರು ರೂಪಾಯಿ ಕೊಡಲು ಒಪ್ಪಿದರೆಂದಿಟ್ಟುಕೊಳ್ಳಿ. ಒಟ್ಟು ಒಂದು ಕೋಟಿ ರೂಪಾಯಿ ಕೂಡುತ್ತದೆ. ಒಂದು ಪ್ರಾಣವನ್ನು ಉಳಿಸಲು ಆ ಊರು ಒಂದು ಕೋಟಿ ಕೊಡಲು ಸಿದ್ಧವಿದೆ ಎಂದಾಯಿತು. ಇಲ್ಲಿ ತೂಗುತ್ತಿರುವುದು ಸಂಬಳವನ್ನಲ್ಲ, ಬದುಕಬೇಕೆಂಬ ಅಪೇಕ್ಷೆಯನ್ನು. ಆದುದರಿಂದ ಈ ಮಾರ್ಗದಲ್ಲಿ ಬರುವ ಮೊತ್ತ ಮೊದಲನೆಯದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ಇದಕ್ಕೂ ಒಂದು ಕೊರತೆಯುಂಟು. ಜೇಬಿನಲ್ಲಿ ನೂರು ರೂಪಾಯಿ ಇರುವವನಿಗೆ ಕೊಡುವ ಶಕ್ತಿ ಇದೆ; ಇಲ್ಲದವನು ಬದುಕುವ ಆಸೆಯುಳ್ಳವನಾದರೂ ಹತ್ತೇ ರೂಪಾಯಿ ಕೊಟ್ಟಾನು. ಹೀಗಾಗಿ ಬಡದೇಶದ ಪ್ರಾಣ ಅಗ್ಗವಾಗಿ, ಶ್ರೀಮಂತ ದೇಶದ ಪ್ರಾಣ ತುಟ್ಟಿಯಾಗಿ ಲೆಕ್ಕದಲ್ಲಿ ಕಾಣಿಸುತ್ತದೆ.

ತರ್ಕವನ್ನು ಓದುವಾಗ ನಮ್ಮ ಗುರುಗಳು ಮೊದಲು ಕೇಳಿಸುತ್ತಿದ್ದ ಪ್ರಶ್ನೆ, ಇದಕ್ಕೆ ಪ್ರಮಾಣ ಯಾವುದು ಎಂಬುದು. ಮಾಲಿನ್ಯದ ಅಂಕಿಗಳನ್ನು ಓದುವವರಿಗೂ ಈ ಪ್ರಶ್ನೆ ಅಗತ್ಯ. ಚೀನದ ಸರ್ಕಾರವೂ ವಿಶ್ವಬ್ಯಾಂಕೂ ಜೊತೆಗೂಡಿ ೨೦೦೭ರಲ್ಲಿ ಹೊರತಂದ ವರದಿಯನ್ನೇ ನೋಡಿರಿ. ೨೦೦೩ರಲ್ಲಿ ಕೆಟ್ಟ ಗಾಳಿಯಿಂದ ಆ ದೇಶದ ಜನರ ಆರೋಗ್ಯಕ್ಕೆ ಆದ ನಷ್ಟ ಮೊದಲನೆಯ ಮಾರ್ಗದಲ್ಲಿ ರಾಷ್ಟ್ರೀಯ ಉತ್ಪನ್ನದ ಶೇಕಡಾ ೧.೧೬, ಎರಡನೆಯ ಮಾರ್ಗದಲ್ಲಿ ಶೇಕಡಾ ೩.೮. ಅದೇ ವರ್ಷ, ಅದೇ ಗಾಳಿ, ಅದೇ ಜನ. ಬದಲಾದುದು ತೂಕದ ಕಲ್ಲು ಮಾತ್ರ. ಭಾರತದ ವಿಷಯದಲ್ಲಿಯೂ ಹೀಗೆಯೇ. ೨೦೧೩ರ ನಷ್ಟ ಶೇಕಡಾ ೭.೬೯ ಎಂದು ವಿಶ್ವಬ್ಯಾಂಕು ಹೇಳಿತು. ೨೦೧೯ರ ನಷ್ಟ ಶೇಕಡಾ ೧.೩೬ ಎಂದು ಭಾರತೀಯ ವಿಜ್ಞಾನಿಗಳ ತಂಡ ೨೦೨೦ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯಲ್ಲಿ ಹೇಳಿತು. ಆರು ವರ್ಷಗಳಲ್ಲಿ ನಮ್ಮ ಗಾಳಿ ಆರು ಪಟ್ಟು ಶುದ್ಧವಾಯಿತೆಂದು ಯಾರಾದರೂ ಸಂತೋಷಪಟ್ಟರೆ ಅದು ಭ್ರಾಂತಿ. ಮೊದಲನೆಯದು ಬದುಕುವ ಅಪೇಕ್ಷೆಯ ತೂಕ, ಎರಡನೆಯದು ಕಳೆದುಹೋದ ದುಡಿಮೆಯ ತೂಕ. ವೃತ್ತಪತ್ರಿಕೆಗಳಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಓದುವವರು ಗೊಂದಲಕ್ಕೀಡಾಗುತ್ತಾರೆ.

ಹಾಗಾದರೆ ಎರಡು ದೇಶಗಳನ್ನು ಒಂದೇ ತಕ್ಕಡಿಯಲ್ಲಿ, ಒಂದೇ ಕಲ್ಲಿನಿಂದ ತೂಗಿದ ಲೆಕ್ಕವಿದೆಯೇ? ಇದೆ. ಮೇಲೆ ಹೇಳಿದ ೨೦೧೬ರ ವರದಿಯಲ್ಲಿ ೨೦೧೩ರ ವರ್ಷಕ್ಕೆ ಎಲ್ಲ ದೇಶಗಳನ್ನೂ ಎರಡೂ ಮಾರ್ಗಗಳಿಂದ ಅಳೆದಿದ್ದಾರೆ. ಹಣದ ಕೊಳ್ಳುವ ಶಕ್ತಿಯಲ್ಲಿರುವ ವ್ಯತ್ಯಾಸವನ್ನೂ ಸರಿಪಡಿಸಿದ್ದಾರೆ. ಅಪೇಕ್ಷೆಯ ಮಾರ್ಗದಿಂದ ಚೀನದ ನಷ್ಟ ಸುಮಾರು ೧.೫೯ ಲಕ್ಷ ಕೋಟಿ ಡಾಲರು, ಅದರ ಉತ್ಪನ್ನದ ಶೇಕಡಾ ೯.೯೨. ಭಾರತದ ನಷ್ಟ ಸುಮಾರು ೫೦,೫೦೦ ಕೋಟಿ ಡಾಲರು, ನಮ್ಮ ಉತ್ಪನ್ನದ ಶೇಕಡಾ ೭.೬೯. ಇಷ್ಟನ್ನೇ ಓದಿ ನಿಲ್ಲಿಸಿದರೆ ಚೀನವೇ ಮೂರು ಪಟ್ಟು ಹೆಚ್ಚು ಕಳೆದುಕೊಂಡಿತೆಂದು ತೋರುತ್ತದೆ. ಆದರೆ ಸತ್ತವರ ಸಂಖ್ಯೆಯಲ್ಲಿ ಮೂರು ಪಟ್ಟು ವ್ಯತ್ಯಾಸವಿಲ್ಲವೆಂಬುದನ್ನು ಈಗಾಗಲೇ ಕಂಡೆವು. ಚೀನದವನ ವರಮಾನ ಹೆಚ್ಚಾದುದರಿಂದ ಅವನ ಪ್ರಾಣಕ್ಕೆ ಬರೆದ ಬೆಲೆಯೂ ಹೆಚ್ಚಾಯಿತು, ಅಷ್ಟೆ.

ಅದೇ ವರದಿಯ ಮುಂದಿನ ಕೋಷ್ಟಕಕ್ಕೆ ಬಂದರೆ ಪುಟ ತಿರುವುಮುರುವಾಗುತ್ತದೆ. ಕಳೆದುಹೋದ ದುಡಿಮೆಯ ಲೆಕ್ಕದಲ್ಲಿ ಚೀನದ ನಷ್ಟ ಸುಮಾರು ೪,೪೫೦ ಕೋಟಿ ಡಾಲರು. ಭಾರತದ ನಷ್ಟ ಸುಮಾರು ೫,೫೪೦ ಕೋಟಿ ಡಾಲರು. ಚೀನದ ಕೂಲಿ ನಮ್ಮದಕ್ಕಿಂತ ಹೆಚ್ಚಾಗಿದ್ದರೂ ನಮ್ಮ ನಷ್ಟವೇ ದೊಡ್ಡದಾಗಿ ನಿಂತದ್ದು ಹೇಗೆ? ಉತ್ತರ ಸರಳ, ಮತ್ತು ದುಃಖಕರ. ಚೀನದಲ್ಲಿ ಕೆಟ್ಟ ಗಾಳಿಗೆ ಬಲಿಯಾದವರಲ್ಲಿ ದುಡಿಮೆಯ ವಯಸ್ಸು ದಾಟಿದ ವೃದ್ಧರು ಹೆಚ್ಚು. ನಮ್ಮಲ್ಲಿ ಮಕ್ಕಳೂ ನಡುಹರೆಯದವರೂ ಅವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಹೋಗುತ್ತಾರೆ. ತೊಟ್ಟಿಲಲ್ಲಿದ್ದ ಕೂಸು ಉಸಿರಾಟದ ಸೋಂಕಿನಿಂದ ತೀರಿಕೊಂಡರೆ ಅದರ ಇಡೀ ಬದುಕಿನ ದುಡಿಮೆ ನಷ್ಟದ ಖಾತೆಗೆ ಬೀಳುತ್ತದೆ. ಎರಡು ದೇಶಗಳ ಹೋಲಿಕೆಯಲ್ಲಿ ನಮಗೆ ಎಲ್ಲಕ್ಕಿಂತ ಮಹತ್ವದ್ದೆನಿಸಿದ ಅಂಶವಿದು.

ಇನ್ನು ಗಾಳಿ ಕೆಟ್ಟ ಬಗೆಯನ್ನು ನೋಡೋಣ. ಚೀನದ ಕಥೆ ಬಹುಮಟ್ಟಿಗೆ ಕಲ್ಲಿದ್ದಲಿನ ಕಥೆ. ಆ ದೇಶದ ನಡುವೆ ಹುವಾಯ್ ಎಂಬ ನದಿಯೊಂದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ೧೯೫೦ರಿಂದ ೧೯೮೦ರವರೆಗಿನ ಅವಧಿಯಲ್ಲಿ ಆ ನದಿಯ ಉತ್ತರಕ್ಕಿರುವ ಊರುಗಳಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸರ್ಕಾರವು ಕಲ್ಲಿದ್ದಲನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. ದಕ್ಷಿಣದವರಿಗೆ ಕೊಡುವಷ್ಟು ಹಣ ಬೊಕ್ಕಸದಲ್ಲಿರಲಿಲ್ಲ. ಉತ್ತರದವರು ಭಾಗ್ಯವಂತರೆಂದು ಆಗ ಎಲ್ಲರೂ ಭಾವಿಸಿದ್ದಿರಬೇಕು. ಜನರು ತಮ್ಮ ಹುಟ್ಟೂರಿನ ನೋಂದಣಿಯನ್ನು ಬಿಟ್ಟು ಬೇರೆಡೆ ನೆಲೆಸುವುದಕ್ಕೆ ಅಲ್ಲಿ ಬಿಗಿಯಾದ ನಿರ್ಬಂಧವಿದ್ದುದರಿಂದ ಉತ್ತರದವರು ಉತ್ತರದಲ್ಲಿಯೇ, ದಕ್ಷಿಣದವರು ದಕ್ಷಿಣದಲ್ಲಿಯೇ ಉಳಿದರು. ದಶಕಗಳ ಅನಂತರ ವಿದ್ವಾಂಸರು ಎರಡೂ ದಡದ ಗಾಳಿಯನ್ನೂ ಮರಣದ ದಾಖಲೆಗಳನ್ನೂ ತಾಳೆ ನೋಡಿದರು. ೨೦೧೩ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದ ಪ್ರಕಾರ ಉತ್ತರದವರ ಆಯುಷ್ಯ ಸುಮಾರು ಐದೂವರೆ ವರ್ಷ ಕಡಿಮೆ. ಇನ್ನಷ್ಟು ನಿಖರವಾದ ಅಂಕಿಗಳನ್ನು ಹಿಡಿದು ೨೦೧೭ರಲ್ಲಿ ಮಾಡಿದ ಎರಡನೆಯ ಅಧ್ಯಯನದ ಪ್ರಕಾರ ಸುಮಾರು ಮೂರು ವರ್ಷ ಕಡಿಮೆ. ಪುಕ್ಕಟೆಯಾಗಿ ಬಂದ ಇದ್ದಲಿಗೆ ಅವರು ಆಯುಷ್ಯದಲ್ಲಿ ಬೆಲೆ ತೆತ್ತರು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿಯೂ ಇಂಥ ಪ್ರಯೋಗವನ್ನು ಯಾರೂ ಬೇಕೆಂದು ಮಾಡಲಾರರು. ಒಂದು ಸರ್ಕಾರದ ಸದುದ್ದೇಶವೇ ಅದನ್ನು ಮಾಡಿಸಿಬಿಟ್ಟಿತು.

ಭಾರತದ ಹೊಗೆ ಒಂದೇ ಮೂಲದಿಂದ ಬರುವುದಲ್ಲ. ಉಷ್ಣವಿದ್ಯುತ್ ಸ್ಥಾವರ, ಡೀಸೆಲ್ ವಾಹನ, ಇಟ್ಟಿಗೆ ಭಟ್ಟಿ, ರಸ್ತೆಯ ಧೂಳು, ಕಸಕ್ಕಿಟ್ಟ ಬೆಂಕಿ, ಪಂಜಾಬು-ಹರಿಯಾಣಗಳಲ್ಲಿ ಬತ್ತದ ಕೂಳೆ ಸುಡುವ ಹೊಗೆ, ಇವೆಲ್ಲವನ್ನೂ ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ಆದರೆ ಬಹುಕಾಲ ನಮ್ಮ ದೇಶದ ಅತಿದೊಡ್ಡ ಕಾರ್ಖಾನೆ ಅಡುಗೆಮನೆಯೇ ಆಗಿತ್ತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಬೆಳಕಿಂಡಿಯಿಲ್ಲದ ಒಳಕೋಣೆ, ಹಸಿ ಕಟ್ಟಿಗೆ, ಕುಳ್ಳು, ಕೈಯಲ್ಲೊಂದು ಊದುಗೊಳವೆ, ಕೆಂಪಡರಿದ ಕಣ್ಣು, ಸೊಂಟದ ಮೇಲೊಂದು ಕೂಸು: ನಮ್ಮ ತಲೆಮಾರಿನವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೊಗೆಯಲ್ಲಿದ್ದ ಸೂಕ್ಷ್ಮ ಕಣಗಳು ಪಟ್ಟಣದ ಬೀದಿಯಲ್ಲಿರುವುದಕ್ಕಿಂತ ಎಷ್ಟೋ ದಟ್ಟವಾಗಿದ್ದವು. ಅಡುಗೆಮನೆಯ ಗೋಡೆಗೆ ಹತ್ತಿದ ಮಸಿಯನ್ನು ಹಬ್ಬಕ್ಕೊಮ್ಮೆ ಸುಣ್ಣ ಬಳಿದು ಮರೆಸುತ್ತಿದ್ದರು. ಶ್ವಾಸಕೋಶಕ್ಕೆ ಸುಣ್ಣ ಬಳಿಯುವ ಉಪಾಯವಿರಲಿಲ್ಲ.

ಈ ಸಂಕಟಕ್ಕೆ ಪರಿಹಾರ ಹುಡುಕಿದವರಲ್ಲಿ ನಮ್ಮ ನಾಡಿನವರೂ ಇದ್ದಾರೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಮೂರು ಪಾತ್ರೆಗಳನ್ನು ಏಕಕಾಲಕ್ಕೆ ಇಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಿಂದಾಚೆಗೆ ಕಳಿಸುವ ಒಲೆಯನ್ನು ರೂಪಿಸಿತು. ‘ಅಸ್ತ್ರ ಒಲೆ’ಯೆಂದೇ ಅದು ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಯಿತು. ಮುಂದೆ ಅನಿಲ ಬಂದಿತು. ೨೦೧೬ರ ಮೇ ೧ರಂದು ಉತ್ತರಪ್ರದೇಶದ ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಇಂದಿನವರೆಗೆ ಹತ್ತು ಕೋಟಿಗೂ ಹೆಚ್ಚು ಬಡಕುಟುಂಬಗಳಿಗೆ ಸಂಪರ್ಕ ದೊರೆತಿದೆ. ೧೯೯೦ರಿಂದ ೨೦೧೯ರವರೆಗೆ ಮನೆಯೊಳಗಿನ ಹೊಗೆಯಿಂದಾಗುವ ಮರಣಗಳ ಪ್ರಮಾಣ ಭಾರತದಲ್ಲಿ ಶೇಕಡಾ ೬೪ರಷ್ಟು ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. ಇದನ್ನು ಸಾಧಿಸಿದ ಕೀರ್ತಿ ಯಾವ ಒಂದು ಸರ್ಕಾರಕ್ಕೂ ಸೇರಿದ್ದಲ್ಲ. ಆದರೆ ಅದೇ ಅವಧಿಯಲ್ಲಿ ಹೊರಗಿನ ಗಾಳಿಯ ಸೂಕ್ಷ್ಮ ಕಣಗಳಿಂದಾಗುವ ಮರಣಗಳ ಪ್ರಮಾಣ ಶೇಕಡಾ ೧೧೫ರಷ್ಟು ಏರಿತು. ಒಳಗೆ ಉಳಿಸಿದ್ದನ್ನು ಹೊರಗೆ ಕಳೆದಂತಾಯಿತು. ಅನಿಲದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಲೇಬೇಕು. ಉಜ್ವಲಾ ಕುಟುಂಬವೊಂದು ೨೦೨೩-೨೪ರಲ್ಲಿ ಸರಾಸರಿ ತುಂಬಿಸಿಕೊಂಡದ್ದು ಸುಮಾರು ನಾಲ್ಕು ಸಿಲಿಂಡರು. ನಾಲ್ಕು ಸಿಲಿಂಡರಿನಲ್ಲಿ ಒಂದು ಸಂಸಾರದ ವರ್ಷದ ಅಡುಗೆ ಆಗದೆಂಬುದನ್ನು ನಮ್ಮ ತಾಯಂದಿರಿಗೆ ಯಾವ ಅರ್ಥಶಾಸ್ತ್ರಜ್ಞನೂ ಹೇಳಬೇಕಾಗಿಲ್ಲ. ಉಳಿದ ದಿನಗಳಲ್ಲಿ ಹಳೆಯ ಒಲೆ ಉರಿಯುತ್ತಿದೆ ಎಂದೇ ಅರ್ಥ.

ಹೊಲದ ನಷ್ಟವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ವಾಹನ ಮತ್ತು ಕಾರ್ಖಾನೆಗಳ ಅನಿಲಗಳು ಬಿಸಿಲಿನಲ್ಲಿ ಬೆರೆತು ನೆಲದ ಮಟ್ಟದಲ್ಲಿ ಓಜೋನ್ ಉಂಟಾಗುತ್ತದೆ. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಅದೇ ಓಜೋನ್ ಕೆಳಗಿಳಿದರೆ ಎಲೆಯನ್ನು ಒಳಗಿನಿಂದ ಸುಡುತ್ತದೆ. ೨೦೦೫ರ ಒಂದೇ ವರ್ಷದಲ್ಲಿ ಇದರಿಂದ ಭಾರತವು ೩೫ ಲಕ್ಷ ಟನ್ ಗೋಧಿಯನ್ನೂ ೨೧ ಲಕ್ಷ ಟನ್ ಅಕ್ಕಿಯನ್ನೂ ಕಳೆದುಕೊಂಡಿತೆಂದೂ, ಅಷ್ಟು ಧಾನ್ಯ ಒಂಬತ್ತು ಕೋಟಿಗೂ ಹೆಚ್ಚು ಬಡಜನರ ಅನ್ನವಾಗುತ್ತಿತ್ತೆಂದೂ ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬೆಳೆ ಕಡಿಮೆಯಾದರೆ ರೈತನು ಮಳೆಯನ್ನೋ ಬೀಜವನ್ನೋ ದೂರುತ್ತಾನೆ. ಗಾಳಿಯನ್ನು ದೂರುವ ಅಭ್ಯಾಸ ಅವನಿಗಿಲ್ಲ.

ತಮ್ಮ ನಷ್ಟವನ್ನು ತಿಳಿದುಕೊಂಡ ಮೇಲೆ ಈ ಎರಡು ದೇಶಗಳು ಮಾಡಿದ್ದೇನು? ಎಚ್ಚರಿಕೆಯ ಗಂಟೆ ಎರಡೂ ಕಡೆ ಒಂದೇ ಕಾಲಕ್ಕೆ ಬಾರಿಸಿತ್ತು. ವಿಶ್ವಬ್ಯಾಂಕಿನ ಇಬ್ಬರು ತಜ್ಞರು ೧೯೯೫ರಲ್ಲಿ ಭಾರತದ ಪರಿಸರ ಹಾನಿಯನ್ನು ವರ್ಷಕ್ಕೆ ೯೭೦ ಕೋಟಿ ಡಾಲರು, ಅಂದರೆ ಉತ್ಪನ್ನದ ಶೇಕಡಾ ೪.೫ ಎಂದು ಲೆಕ್ಕ ಹಾಕಿದರು. ಪಟ್ಟಣಗಳ ಕೆಟ್ಟ ಗಾಳಿಯಿಂದ ವರ್ಷಕ್ಕೆ ೪೦ ಸಾವಿರ ಜನ ಸಾಯುತ್ತಾರೆಂದರು. ೧೯೯೭ರಲ್ಲಿ ಚೀನದ ಗಾಳಿ ಮತ್ತು ನೀರಿನ ಮಾಲಿನ್ಯದ ನಷ್ಟ ೫,೪೦೦ ಕೋಟಿ ಡಾಲರು, ಉತ್ಪನ್ನದ ಸುಮಾರು ಶೇಕಡಾ ೮ ಎಂದು ಅದೇ ಸಂಸ್ಥೆ ಹೇಳಿತು. ಚೀನ ಆಗ ಕಿವಿಗೊಡಲಿಲ್ಲ. ಆ ದೇಶದ ಪರಿಸರ ಇಲಾಖೆಯ ಉಪಮುಖ್ಯಸ್ಥ ಪಾನ್ ಯುಯೆ ಎಂಬವರು ‘ಹಸಿರು ರಾಷ್ಟ್ರೀಯ ಉತ್ಪನ್ನ’ ಎಂಬ ಲೆಕ್ಕಪದ್ಧತಿಗಾಗಿ ಪಟ್ಟುಹಿಡಿದು ದುಡಿದರು. ದೇಶ ಬೆಳೆದ ಮೊತ್ತದಲ್ಲಿ ಮಾಲಿನ್ಯದ ನಷ್ಟವನ್ನು ಕಳೆದು ಉಳಿದುದನ್ನಷ್ಟೇ ಬೆಳವಣಿಗೆ ಎನ್ನಬೇಕೆಂಬುದು ಅದರ ಸಾರ. ೨೦೦೬ರ ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ವರದಿ ೨೦೦೪ರ ನಷ್ಟವನ್ನು ೫೧,೧೮೦ ಕೋಟಿ ಯುವಾನ್, ಉತ್ಪನ್ನದ ಶೇಕಡಾ ೩.೦೫ ಎಂದು ತೋರಿಸಿತು. ಪ್ರಾಂತಗಳ ಅಧಿಕಾರಿಗಳಿಗೆ ಇದು ರುಚಿಸಲಿಲ್ಲ. ಮರುವರ್ಷ ಎರಡನೆಯ ವರದಿ ಬೆಳಕು ಕಾಣಲಿಲ್ಲ. ಅಂಗಡಿಯ ಕಿರ್ದಿಯಲ್ಲಿ ನಷ್ಟ ಕಂಡರೆ ಪುಟವನ್ನೇ ಹರಿದುಹಾಕುವ ವ್ಯಾಪಾರಿಗಳು ಎಲ್ಲ ಊರಿನಲ್ಲಿಯೂ ಇರುತ್ತಾರೆ.

೨೦೧೩ರ ಜನವರಿಯಲ್ಲಿ ಬೀಜಿಂಗ್ ನಗರವನ್ನು ದಿನಗಟ್ಟಲೆ ಕಪ್ಪು ಮಂಜು ಮುಸುಕಿತು. ಆಗ ಮುಚ್ಚಿಡುವುದು ಸಾಧ್ಯವಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂದಿತು. ೨೦೧೪ರ ಮಾರ್ಚಿನಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಮಾಲಿನ್ಯದ ಮೇಲೆ ಯುದ್ಧ ಸಾರಿದರು. ಬೀಜಿಂಗಿನ ಗಾಳಿಯಲ್ಲಿ ಪಿ.ಎಂ. ೨.೫ ಎಂಬ ಅತಿಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ೨೦೧೩ರಲ್ಲಿ ಘನಮೀಟರಿಗೆ ೮೯.೫ ಮೈಕ್ರೋಗ್ರಾಂ ಇದ್ದದ್ದು ೨೦೧೭ರಲ್ಲಿ ೫೮ಕ್ಕೆ, ೨೦೨೧ರಲ್ಲಿ ೩೩ಕ್ಕೆ ಇಳಿಯಿತು. ಕಲ್ಲಿದ್ದಲು ಸುಡುವ ಸ್ಥಾವರಗಳಲ್ಲಿ ಗಂಧಕವನ್ನು ತಡೆಯುವ ಯಂತ್ರಗಳನ್ನು ಅವರು ಅದಕ್ಕೂ ಮುಂಚೆಯೇ ಕೂಡಿಸತೊಡಗಿದ್ದರು. ಯಂತ್ರವನ್ನು ನಡೆಸಿದವರಿಗೆ ವಿದ್ಯುತ್ತಿನ ದರದಲ್ಲಿ ಯೂನಿಟ್ಟಿಗೆ ಒಂದೂವರೆ ಫೆನ್ ಹೆಚ್ಚು ಕೊಟ್ಟರು. ಸ್ಥಾವರದವನಿಗೆ ಯಂತ್ರ ನಿಲ್ಲಿಸಿದರೆ ನಷ್ಟ, ನಡೆಸಿದರೆ ಲಾಭ. ಲೆಕ್ಕವನ್ನು ಬಲ್ಲವರು ಮಾಡಿದ ಕೆಲಸವೆಂದು ನಾವು ಇದನ್ನು ಮೆಚ್ಚುತ್ತೇವೆ.

ಮೆಚ್ಚುವಾಗಲೂ ಅಲ್ಲಿನ ರೀತಿಯ ಕಾಠಿಣ್ಯವನ್ನು ಮರೆಯುವಂತಿಲ್ಲ. ೨೦೧೫ರ ಫೆಬ್ರುವರಿಯಲ್ಲಿ ಚಾಯ್ ಜಿಂಗ್ ಎಂಬ ಪತ್ರಕರ್ತೆ ಈ ಹೊಗೆಯನ್ನು ಕುರಿತು ಮಾಡಿದ ಸಾಕ್ಷ್ಯಚಿತ್ರವನ್ನು ಕೋಟಿಗಟ್ಟಲೆ ಜನ ನೋಡಿದರು. ಕೆಲವೇ ದಿನಗಳಲ್ಲಿ ಅದು ಆ ದೇಶದಲ್ಲಿ ಕಾಣದಂತಾಯಿತು. ೨೦೧೭ರ ಚಳಿಗಾಲದಲ್ಲಿ ಅನಿಲದ ಏರ್ಪಾಡು ಪೂರ್ಣವಾಗುವ ಮುನ್ನವೇ ಕಲ್ಲಿದ್ದಲನ್ನು ನಿಷೇಧಿಸಿದ್ದರಿಂದ ಹೆಬೈ ಪ್ರಾಂತದ ಕೆಲವು ಶಾಲೆಗಳಲ್ಲಿ ಮಕ್ಕಳು ಚಳಿ ತಾಳಲಾರದೆ ಅಂಗಳದ ಬಿಸಿಲಿನಲ್ಲಿ ಕುಳಿತು ಪಾಠ ಕಲಿಯಬೇಕಾಯಿತು. ಇಷ್ಟೆಲ್ಲ ಆದರೂ ೨೦೨೧ರಲ್ಲಿ ಚೀನದಲ್ಲಿ ೨೩ ಲಕ್ಷ, ಭಾರತದಲ್ಲಿ ೨೧ ಲಕ್ಷ ಜನ ಕೆಟ್ಟ ಗಾಳಿಯಿಂದ ತೀರಿಕೊಂಡರೆಂದು ೨೦೨೪ರ ಜಾಗತಿಕ ವರದಿ ಹೇಳುತ್ತದೆ. ಎಣಿಕೆಯ ವಿಧಾನ ಬದಲಾದುದರಿಂದ ಈ ಅಂಕಿಯನ್ನು ಹಳೆಯದರೊಡನೆ ನೇರವಾಗಿ ಹೋಲಿಸಬಾರದು. ಚೀನದಲ್ಲಿ ವೃದ್ಧರ ಸಂಖ್ಯೆ ವೇಗವಾಗಿ ಬೆಳೆಯುತ್ತಿದೆ. ಗಾಳಿ ತಿಳಿಯಾದರೂ, ಕೆಟ್ಟ ಗಾಳಿಯನ್ನು ತಾಳಲಾರದ ದೇಹಗಳು ಹೆಚ್ಚುತ್ತಿವೆ.

ಭಾರತದಲ್ಲಿ ದಾರಿ ತೋರಿಸಿದ್ದು ಮೊದಲಿಗೆ ನ್ಯಾಯಾಲಯ. ೧೯೯೮ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶದಿಂದ ದೆಹಲಿಯ ಬಸ್ಸುಗಳು ನೈಸರ್ಗಿಕ ಅನಿಲಕ್ಕೆ ಹೊರಳಿದವು. ೨೦೦೨ರ ಕೊನೆಗೆ ಆ ಕೆಲಸ ಮುಗಿಯಿತು. ೨೦೨೦ರ ಏಪ್ರಿಲ್ ೧ರಿಂದ ದೇಶಾದ್ಯಂತ ಇಂಧನವೂ ವಾಹನವೂ ನಾಲ್ಕನೆಯ ಹಂತದಿಂದ ನೇರವಾಗಿ ಆರನೆಯ ಹಂತದ ಶುದ್ಧತೆಗೆ ಜಿಗಿದವು. ಆದರೆ ಗಂಧಕದ ವಿಷಯದಲ್ಲಿ ನಮ್ಮ ನಡೆ ಹಿಮ್ಮುಖ. ೨೦೦೭ರಿಂದ ಹತ್ತು ವರ್ಷಗಳಲ್ಲಿ ಚೀನವು ಗಂಧಕದ ಡೈಆಕ್ಸೈಡನ್ನು ಮುಕ್ಕಾಲು ಪಾಲು ಇಳಿಸಿತು. ಅದೇ ಅವಧಿಯಲ್ಲಿ ನಮ್ಮದು ಅರ್ಧದಷ್ಟು ಏರಿತು. ಸ್ಥಾವರಗಳಿಗೆ ೨೦೧೫ರ ಡಿಸೆಂಬರಿನಲ್ಲಿ ವಿಧಿಸಿದ ನಿಯಮದ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ೨೦೨೫ರ ಜುಲೈನಲ್ಲಿ ಸುಮಾರು ಶೇಕಡಾ ೭೮ರಷ್ಟು ಘಟಕಗಳಿಗೆ ಯಂತ್ರ ಕೂಡಿಸುವುದರಿಂದ ವಿನಾಯಿತಿಯನ್ನೇ ಕೊಡಲಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರದ ಖರ್ಚು ಬಹಳ ಎಂಬುದು ಕೊಟ್ಟ ಕಾರಣ. ಗಂಧಕ ಕಡಿಮೆಯೆಂಬುದು ನಿಜ. ಆದರೆ ಖರ್ಚು ಬಹಳವೆನ್ನುವಾಗ ಎದುರು ಬದಿಯ ಮೊತ್ತವನ್ನೂ ಬರೆದು ತೋರಿಸಬೇಕಾಗಿತ್ತು.

ಆ ಎದುರು ಬದಿಯ ಮೊತ್ತವನ್ನು ಇಲ್ಲಿ ಬರೆಯುತ್ತೇವೆ. ೨೦೧೯ರಲ್ಲಿ ಭಾರತದಲ್ಲಿ ಕೆಟ್ಟ ಗಾಳಿಯಿಂದ ೧೬.೭ ಲಕ್ಷ ಜನ ತೀರಿಕೊಂಡರು. ದೇಶದ ಒಟ್ಟು ಮರಣಗಳಲ್ಲಿ ಇದು ಶೇಕಡಾ ೧೭.೮. ದುಡಿಮೆಯ ಸಣ್ಣ ಕಲ್ಲಿನಿಂದಲೇ ತೂಗಿದರೂ ನಷ್ಟ ೨ ಲಕ್ಷ ೬೦ ಸಾವಿರ ಕೋಟಿ ರೂಪಾಯಿ, ಉತ್ಪನ್ನದ ಶೇಕಡಾ ೧.೩೬. ಅದಕ್ಕೆ ಹಿಂದಿನ ೨೦೧೮-೧೯ರಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳೆಲ್ಲ ಕೂಡಿ ಜನರ ಆರೋಗ್ಯಕ್ಕಾಗಿ ವ್ಯಯಿಸಿದ್ದು ಉತ್ಪನ್ನದ ಶೇಕಡಾ ೧.೨೮. ಬಲಗೈಯಿಂದ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಗಾಳಿ ಎಡಗೈಯಿಂದ ಕಿತ್ತುಕೊಂಡಿದೆ. ಈ ಹೊರೆ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಉತ್ಪನ್ನಕ್ಕೆ ಹೋಲಿಸಿದರೆ ಉತ್ತರಪ್ರದೇಶ ಶೇಕಡಾ ೨.೧೫ರಷ್ಟನ್ನೂ ಬಿಹಾರ ಶೇಕಡಾ ೧.೯೫ರಷ್ಟನ್ನೂ ತೆತ್ತಿವೆ; ಬಡರಾಜ್ಯಗಳೇ ಹೆಚ್ಚಿನ ಪಾಲನ್ನು ತೆರುತ್ತಿವೆ.

ಕೇಂದ್ರ ಸರ್ಕಾರ ೨೦೧೯ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಈ ಪತ್ರಿಕೆಯ ಓದುಗರಲ್ಲಿ ಬಹಳಷ್ಟು ಮನೆತನಗಳು ಈ ಊರುಗಳಲ್ಲಿಯೇ ನೆಲೆಸಿವೆ. ಈ ಕಾರ್ಯಕ್ರಮದಲ್ಲಿ ನಗರಗಳು ಎಷ್ಟು ಸುಧಾರಿಸಿದವೆಂಬುದನ್ನು ಪಿ.ಎಂ. ೧೦ ಎಂಬ ದಪ್ಪ ಧೂಳನ್ನು ಅಳೆದು ನಿರ್ಧರಿಸುತ್ತಾರೆ. ಆ ಕಾರಣದಿಂದ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೨೦೨೪ರಲ್ಲಿ ತೋರಿಸಿದಂತೆ, ಖರ್ಚಾದ ಹಣದಲ್ಲಿ ಶೇಕಡಾ ೬೪ರಷ್ಟು ರಸ್ತೆಯ ಧೂಳಿಗೆ, ಅಂದರೆ ರಸ್ತೆ ಗುಡಿಸುವ ಯಂತ್ರ, ನೀರು ಸಿಂಪಡಿಸುವ ಲಾರಿ, ಗುಂಡಿ ಮುಚ್ಚುವಿಕೆ ಮುಂತಾದವುಗಳಿಗೆ ಹೋಗಿದೆ; ಕಾರ್ಖಾನೆಗಳ ಹೊಗೆಗೆ ಸಂದದ್ದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಇಷ್ಟುದ್ದಕ್ಕೂ ನಾವು ಹೇಳಿದ ಮರಣಗಳ ಮತ್ತು ನಷ್ಟದ ಲೆಕ್ಕದಲ್ಲಿ ಬಹುಪಾಲು ನಿಂತಿರುವುದಾದರೋ ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನು ಸೇರುವ ಪಿ.ಎಂ. ೨.೫ರ ಮೇಲೆ. ಅದಕ್ಕೆ ನಮ್ಮ ದೇಶದ ವಾರ್ಷಿಕ ಮಿತ ೪೦ ಮೈಕ್ರೋಗ್ರಾಂ, ಚೀನವು ೨೦೧೨ರಲ್ಲಿ ನಿಗದಿ ಮಾಡಿದ್ದು ೩೫, ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಸೂಚಿಸಿದ್ದು ೫. ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಎಂಬ ಮೊಬೈಲ್ ಆಪ್‌ನಲ್ಲಿ ನಗರಗಳ ಗಾಳಿಯ ಮಟ್ಟ ಕಾಣಸಿಗುತ್ತದೆ. ಅಲ್ಲಿ ನೋಡುವವರು ಧೂಳಿನ ಅಂಕಿಯ ಜೊತೆಗೆ ಈ ಎರಡನೆಯ ಅಂಕಿಯನ್ನೂ ನೋಡಬೇಕು.